‘ಯೆಮನ್ ಈಗ ಪೂರ್ತಿ ಸೇಫ್’ ಅನ್ನುವ ಫಾರ್ವರ್ಡ್ ನಂಬಬಹುದೇ?

ಯೆಮನ್ ಬಗ್ಗೆ ವಾಟ್ಸಾಪ್ ಗುಂಪುಗಳಲ್ಲಿ, ಇನ್‌ಸ್ಟಾಗ್ರಾಂನಲ್ಲಿ ಮೂರು ಬಗೆಯ ಫಾರ್ವರ್ಡ್‌ಗಳು ಓಡಾಡುತ್ತವೆ. ಒಂದರಲ್ಲಿ ಕೊಡೆ ಬಿಚ್ಚಿಟ್ಟಂತಿರುವ ಮರಗಳು, ಬಿಳಿ ಮರಳಿನ ಕಡಲತೀರ, ನಗುವ ಹುಡುಗರು. ಜೊತೆಗೆ ‘ಟಿವಿಯವರು ಹೇಳೋದೆಲ್ಲ ಸುಳ್ಳು, ಯೆಮನ್ ಈಗ ಪೂರ್ತಿ ಸೇಫ್’ ಎಂಬ ಮಾತು. ಎರಡನೆಯದರಲ್ಲಿ ಕುಸಿದ ಕಟ್ಟಡ, ಎಲುಬು ಕಾಣುವ ಮಗು, ‘ಇದು ಭೂಮಿಯ ಮೇಲಿನ ನರಕ’ ಎಂಬ ಸಾಲು. ಮೂರನೆಯದು ಕೆಲಸದ ಜಾಹೀರಾತು: ನರ್ಸ್ ಬೇಕು, ಡ್ರೈವರ್ ಬೇಕು, ವೀಸಾ ಟಿಕೆಟ್ ಫ್ರೀ, ಈಗ ಅಲ್ಲಿ ಯುದ್ಧ ಇಲ್ಲ.

ಮೊದಲೆರಡು ವಿಡಿಯೊಗಳೂ ನಿಜವಾದವೇ ಇರಬಹುದು. ಮರಗಳೂ ಇವೆ, ಹಸಿದ ಮಕ್ಕಳೂ ಇದ್ದಾರೆ. ಆದರೆ ಒಂದು ವಿಡಿಯೊ ತೋರಿಸುವುದು ಒಂದು ಜಾಗದ ಒಂದು ದಿನವನ್ನು ಮಾತ್ರ. ಅಲ್ಲಿಗೆ ಹೋಗಬಹುದೇ, ಬದುಕಬಹುದೇ ಎಂದು ತೀರ್ಮಾನಿಸಲು ಅಷ್ಟು ಸಾಲದು.

ಚುಟುಕಾಗಿ ಹೇಳುವುದಾದರೆ: ಭಾರತದ ಪಾಸ್‌ಪೋರ್ಟ್ ಇರುವವರು ಯೆಮನ್‌ಗೆ ಹೋಗುವುದನ್ನು ಭಾರತ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಕಾರಣ ಬಾಂಬು, ಗುಂಡು ಮಾತ್ರವಲ್ಲ. ಅಲ್ಲಿ ನಮಗೇನಾದರೂ ಆದರೆ ಹೊರಗೆ ಕರೆತರುವ ದಾರಿಗಳೇ ಕಡಿಮೆ. ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಒಂದು ದೇಶ, ಹಲವು ಆಡಳಿತ

ನಕ್ಷೆಯಲ್ಲಿ ಯೆಮನ್ ಒಂದೇ ದೇಶ. ನೆಲದ ಮೇಲೆ ಹಾಗಿಲ್ಲ.

ಮೊದಲು ಉತ್ತರ ಯೆಮನ್, ದಕ್ಷಿಣ ಯೆಮನ್ ಎಂಬ ಎರಡು ದೇಶಗಳಿದ್ದವು. 1990ರ ಮೇ 22ರಂದು ಒಂದಾದವು. ದಕ್ಷಿಣದ ಏಡನ್ ಬಂದರು ಬಹುಕಾಲ ಬ್ರಿಟಿಷರ ಕೈಯಲ್ಲಿತ್ತು. 1839ರಿಂದ ಸುಮಾರು ನೂರು ವರ್ಷ ಅದರ ಆಡಳಿತ ನಡೆದದ್ದು ಬ್ರಿಟಿಷ್ ಇಂಡಿಯಾದ ಭಾಗವಾಗಿ. ಭಾರತೀಯ ವ್ಯಾಪಾರಿಗಳು, ಗುಮಾಸ್ತರು ಅಲ್ಲಿ ನೆಲೆಸಿದ್ದರ ಹಿನ್ನೆಲೆ ಇದು. ಧೀರೂಭಾಯಿ ಅಂಬಾನಿ ಕೂಡ ಚಿಕ್ಕ ವಯಸ್ಸಿನಲ್ಲಿ ಏಡನ್‌ನಲ್ಲೇ ಕೆಲಸಕ್ಕಿದ್ದರು.

2011ರಲ್ಲಿ ಅರಬ್ ದೇಶಗಳಲ್ಲಿ ಎದ್ದ ಪ್ರತಿಭಟನೆಗಳು ಯೆಮನ್‌ಗೂ ತಲುಪಿ, ಮೂರು ದಶಕಕ್ಕೂ ಹೆಚ್ಚು ಕಾಲ ಆಳಿದ್ದ ಅಲಿ ಅಬ್ದುಲ್ಲಾ ಸಾಲೆ ಕುರ್ಚಿ ಬಿಡಬೇಕಾಯಿತು. ಹೊಸ ಸರ್ಕಾರ ಬೇರೂರುವ ಮೊದಲೇ, 2014ರ ಸೆಪ್ಟೆಂಬರ್‌ನಲ್ಲಿ, ಉತ್ತರದ ಬೆಟ್ಟಸೀಮೆಯ ಹೌತಿ ಬಂಡುಕೋರರು ರಾಜಧಾನಿ ಸನಾ ವಶಪಡಿಸಿಕೊಂಡರು. 2015ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾ ನೇತೃತ್ವದ ಒಕ್ಕೂಟ ಬಾಂಬ್ ದಾಳಿ ಶುರುಮಾಡಿತು. ಹೌತಿಗಳ ಬೆನ್ನಿಗೆ ಇರಾನ್ ನಿಂತಿತು.

ಅಂದಿನಿಂದ ಸನಾ, ಹೊದೈದಾ ಬಂದರು ಸೇರಿದಂತೆ ವಾಯವ್ಯ ಭಾಗ ಹೌತಿಗಳದ್ದು. ದೇಶದ ಜನರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ಇರುವುದು ಇಲ್ಲೇ. ವಿಶ್ವಸಂಸ್ಥೆ ಒಪ್ಪಿರುವ ಸರ್ಕಾರ ಏಡನ್ನನ್ನು ತಾತ್ಕಾಲಿಕ ರಾಜಧಾನಿ ಮಾಡಿಕೊಂಡಿದೆ. ಆದರೆ ದಕ್ಷಿಣ ಯೆಮನ್ ಮತ್ತೆ ಬೇರೆಯಾಗಬೇಕು ಎನ್ನುವ ಗುಂಪು 2019ರಲ್ಲಿ ಅದೇ ಏಡನ್ನನ್ನು, 2020ರಲ್ಲಿ ಸೊಕೋತ್ರಾ ದ್ವೀಪವನ್ನು ಆ ಸರ್ಕಾರದ ಕೈಯಿಂದಲೇ ಕಿತ್ತುಕೊಂಡಿತು. ಆ ಗುಂಪಿಗೆ ಯುಎಇ ಬೆಂಬಲವಿತ್ತು. ಇವರೆಲ್ಲರ ನಡುವೆ ಅಲ್ ಖೈದಾದ ಒಂದು ಶಾಖೆಯೂ ಉಳಿದುಕೊಂಡಿದೆ.

ಹಾಗಾಗಿ ‘ಯೆಮನ್ ಸೇಫಾ?’ ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಯಾವ ಊರು, ಈ ತಿಂಗಳು ಯಾರ ಕೈಯಲ್ಲಿದೆ, ಮುಂದಿನ ಊರಿಗೆ ಹೋಗಲು ಯಾರ ಚೆಕ್‌ಪೋಸ್ಟ್ ದಾಟಬೇಕು ಎಂದು ಕೇಳಬೇಕು. ಒಂದು ಕಡೆಯವರು ಹೊಡೆದುಕೊಟ್ಟ ವೀಸಾ ಇನ್ನೊಂದು ಕಡೆಯವರಿಗೆ ಅನುಮಾನದ ವಸ್ತು.

‘ಯುದ್ಧ ಮುಗಿದು ಎಷ್ಟೋ ಕಾಲವಾಯಿತು’: ಇದು ಅರ್ಧ ಸತ್ಯ

2022ರ ಏಪ್ರಿಲ್ 2ರಂದು ವಿಶ್ವಸಂಸ್ಥೆಯ ಮಧ್ಯಸ್ಥಿಕೆಯಲ್ಲಿ ಕದನವಿರಾಮ ಜಾರಿಗೆ ಬಂತು. ಅಕ್ಟೋಬರ್‌ನಲ್ಲಿ ಅದರ ಅವಧಿ ಮುಗಿಯಿತು, ಮುಂದುವರಿಸಲು ಒಪ್ಪಂದವಾಗಲಿಲ್ಲ. ಆದರೂ ದೊಡ್ಡ ಮಟ್ಟದ ಕಾದಾಟ ಮತ್ತೆ ಶುರುವಾಗಲಿಲ್ಲ. ‘ಯುದ್ಧ ಮುಗಿದಿದೆ’ ಎನ್ನುವವರು ಹಿಡಿದುಕೊಂಡಿರುವುದು ಇದನ್ನೇ.

ಆಮೇಲೆ ನಡೆದದ್ದನ್ನು ಅವರು ಹೇಳುವುದಿಲ್ಲ. ಗಾಜಾ ಯುದ್ಧದ ಹಿನ್ನೆಲೆಯಲ್ಲಿ 2023ರ ನವೆಂಬರ್‌ನಿಂದ ಹೌತಿಗಳು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆರಂಭಿಸಿದರು. ನಾಲ್ಕು ಸರಕು ಹಡಗುಗಳು ಮುಳುಗಿದವು, ನಾವಿಕರು ಸತ್ತರು. ಆಮೇಲೆ ಅಮೆರಿಕ, ಬ್ರಿಟನ್, ಇಸ್ರೇಲ್ ಯೆಮನ್ ಮೇಲೆ ಬಾಂಬ್ ಹಾಕಿದವು.

ಸನಾ ವಿಮಾನ ನಿಲ್ದಾಣದ ಕಥೆಯೊಂದನ್ನೇ ನೋಡಿ. 2016ರ ಆಗಸ್ಟ್‌ನಲ್ಲಿ ಅಲ್ಲಿ ಪ್ರಯಾಣಿಕರ ವಿಮಾನ ನಿಂತಿತು. ಮತ್ತೆ ಹಾರಿದ್ದು 2022ರ ಮೇ ತಿಂಗಳಲ್ಲಿ, ಅದೂ ಬಹುತೇಕ ಜೋರ್ಡಾನ್‌ನ ಅಮ್ಮಾನ್‌ಗೆ ಮಾತ್ರ. 2024ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್ ವಿಮಾನ ಹತ್ತಲು ಅಲ್ಲಿದ್ದಾಗಲೇ ಇಸ್ರೇಲ್ ದಾಳಿ ನಡೆಯಿತು. 2025ರ ಮೇ 6ರಂದು ಇಸ್ರೇಲ್ ನಿಲ್ದಾಣವನ್ನೂ, ಅಲ್ಲಿ ನಿಂತಿದ್ದ ವಿಮಾನಗಳನ್ನೂ ನಾಶಮಾಡಿತು. ಹೇಗೋ ಮತ್ತೆ ಸೇವೆ ಶುರುವಾಯಿತು ಅನ್ನುವಷ್ಟರಲ್ಲಿ, ಅದೇ ತಿಂಗಳ 28ರಂದು, ಅಲ್ಲಿ ಉಳಿದಿದ್ದ ಯೆಮನಿಯಾ ಕಂಪನಿಯ ಕೊನೆಯ ವಿಮಾನವೂ ದಾಳಿಯಲ್ಲಿ ಹೋಯಿತು.

ಮೇ 20ರಂದು ಸನಾದಲ್ಲಿ ಇಳಿದವರೊಬ್ಬರು ‘ವಿಮಾನ ನಿಲ್ದಾಣ ನಡೀತಿದೆ, ಎಲ್ಲ ಆರಾಮ್’ ಎಂದು ವಿಡಿಯೊ ಹಾಕಿದ್ದರೆ ಅದು ಸುಳ್ಳಾಗುತ್ತಿರಲಿಲ್ಲ. ಹತ್ತು ದಿನ ಬಿಟ್ಟು ಅದನ್ನು ಫಾರ್ವರ್ಡ್ ಮಾಡಿದ್ದರೆ ಸುಳ್ಳಾಗುತ್ತಿತ್ತು.

ಸೊಕೋತ್ರಾ ರೀಲ್‌ಗಳು

‘ಯೆಮನ್ ಸೇಫ್’ ಎನ್ನುವ ರೀಲ್‌ಗಳಲ್ಲಿ ಬಹಳಷ್ಟು ಸೊಕೋತ್ರಾ ದ್ವೀಪದವು. ಇದು ಯೆಮನ್‌ನ ಮುಖ್ಯ ನೆಲದಿಂದ 300 ಕಿಲೋಮೀಟರ್‌ಗೂ ದೂರ, ಆಫ್ರಿಕಾದ ಸೊಮಾಲಿಯಾಕ್ಕೇ ಹೆಚ್ಚು ಹತ್ತಿರ. ಕತ್ತರಿಸಿದರೆ ರಕ್ತದಂತಹ ಕೆಂಪು ಅಂಟು ಒಸರುವ ಡ್ರ್ಯಾಗನ್ ಬ್ಲಡ್ ಮರ ಇಲ್ಲಿಯದು. ಇಲ್ಲಿನ ಸಸ್ಯಗಳಲ್ಲಿ ಮೂರನೇ ಒಂದಕ್ಕೂ ಹೆಚ್ಚು ಜಾತಿಗಳು ಬೇರೆಲ್ಲೂ ಇಲ್ಲ. 2008ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಇಲ್ಲಿನ ಹೋಖ್ ಗುಹೆಯಲ್ಲಿ ಪ್ರಾಚೀನ ಭಾರತದ ನಾವಿಕರು ಬ್ರಾಹ್ಮಿ ಲಿಪಿಯಲ್ಲಿ ಗೀಚಿಟ್ಟ ಬರಹಗಳೂ ಸಿಕ್ಕಿವೆ.

ಮುಖ್ಯ ನೆಲದಲ್ಲಿ ನಡೆದಂತಹ ಯುದ್ಧ ಇಲ್ಲಿ ನಡೆದಿಲ್ಲ. ಹೋಗಿಬಂದ ಹೆಚ್ಚಿನವರಿಗೆ ತೊಂದರೆಯೂ ಆಗಿಲ್ಲ. ಈ ಮಟ್ಟಿಗೆ ರೀಲ್‌ಗಳು ಹೇಳುವುದು ನಿಜ.

ರೀಲ್‌ನಲ್ಲಿ ಬಾರದ ಸಂಗತಿಗಳು ಬೇರೆ. ದ್ವೀಪಕ್ಕೆ ಹೊರಗಿನಿಂದ ಬರುವ ವಿಮಾನಗಳು ಬೆರಳೆಣಿಕೆಯಷ್ಟು. ಮುಖ್ಯ ನೆಲದ ರಾಜಕೀಯ ಕೆಟ್ಟರೆ ಅವು ನಿಲ್ಲುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾನ್ಸೂನ್ ಗಾಳಿಯ ರಭಸಕ್ಕೆ ಸಮುದ್ರದ ದಾರಿಯೂ ಬಹುತೇಕ ಮುಚ್ಚುತ್ತದೆ. ದೊಡ್ಡ ಅಪಘಾತವಾದರೆ, ಹೃದಯಾಘಾತವಾದರೆ ಚಿಕಿತ್ಸೆಯ ಸೌಲಭ್ಯ ದ್ವೀಪದಲ್ಲಿ ಬಹಳ ಸೀಮಿತ. ‘ಹೋಗಬೇಡಿ’ ಎಂದು ಸರ್ಕಾರಗಳೇ ಹೇಳಿರುವ ಜಾಗಕ್ಕೆ ಸಾಮಾನ್ಯ ಟ್ರಾವೆಲ್ ಇನ್ಶೂರೆನ್ಸ್ ಅನ್ವಯವಾಗುವುದಿಲ್ಲ. ಅಮೆರಿಕ ಯೆಮನ್ನನ್ನು ತನ್ನ ಎಚ್ಚರಿಕೆಯ ಅತಿ ಮೇಲಿನ ಹಂತದಲ್ಲಿಟ್ಟಿದೆ. ಬ್ರಿಟನ್ ಮುಖ್ಯ ನೆಲಕ್ಕೂ ದ್ವೀಪಗಳಿಗೂ ಸೇರಿಸಿಯೇ ‘ಹೋಗಬೇಡಿ’ ಎನ್ನುತ್ತದೆ. ಭಾರತದ ನಿಷೇಧ ಇರುವುದು ಯೆಮನ್‌ಗೆ. ಸೊಕೋತ್ರಾ ಯೆಮನ್‌ನದೇ ಭಾಗ.

ಇನ್ನೊಂದು ಮಾತು. ರೀಲ್ ಹಾಕುವವರು ಕ್ಷೇಮವಾಗಿ ವಾಪಸ್ ಬಂದವರು. ಸಿಕ್ಕಿಬಿದ್ದವರು ರೀಲ್ ಹಾಕುವುದಿಲ್ಲ. ಆದ್ದರಿಂದ ‘ಹೋದವರೆಲ್ಲ ಸೇಫ್ ಅಂತಿದ್ದಾರೆ’ ಎನ್ನುವುದು ಒಂದೇ ಕಡೆಯ ಲೆಕ್ಕ.

ಅಲ್ಲಿನ ಜನ ಹೇಗೆ ಬದುಕುತ್ತಿದ್ದಾರೆ?

ಯೆಮನ್‌ನಲ್ಲಿ ಸುಮಾರು ನಾಲ್ಕು ಕೋಟಿ ಜನರಿದ್ದಾರೆ. ಅವರೆಲ್ಲ ಟೆಂಟಿನಲ್ಲಿ ಕೂತು ಅಳುತ್ತಿಲ್ಲ. ಮಾರುಕಟ್ಟೆ ತೆರೆಯುತ್ತದೆ, ಮದುವೆ ನಡೆಯುತ್ತದೆ, ಮಕ್ಕಳು ಬೀದಿಯಲ್ಲಿ ಫುಟ್‌ಬಾಲ್ ಆಡುತ್ತಾರೆ. ಆದರೆ ನಾವು ಯೋಚಿಸದೆಯೇ ಮಾಡಿಮುಗಿಸುವ ಕೆಲಸಗಳಿಗೆ ಅಲ್ಲಿ ದಿನಪೂರ್ತಿ ಹೆಣಗಬೇಕು.

ಮೊದಲು ದುಡ್ಡಿನ ವಿಷಯ. ಒಂದೇ ದೇಶದಲ್ಲಿ ಹೆಸರಿಗೆ ಒಂದೇ ನಾಣ್ಯ, ಬೆಲೆ ಮಾತ್ರ ಎರಡು. 2016ರಲ್ಲಿ ಸರ್ಕಾರ ಕೇಂದ್ರ ಬ್ಯಾಂಕನ್ನು ಸನಾದಿಂದ ಏಡನ್‌ಗೆ ಸಾಗಿಸಿ, ಆಮೇಲೆ ಹೊಸ ನೋಟು ಅಚ್ಚುಹಾಕಿಸಿತು. ಹೌತಿಗಳು ತಮ್ಮ ಭಾಗದಲ್ಲಿ ಆ ಹೊಸ ನೋಟುಗಳನ್ನು ನಿಷೇಧಿಸಿದರು. ಸನಾದಲ್ಲಿ ಇಂದಿಗೂ ಹೆಚ್ಚಾಗಿ ಚಲಾವಣೆಯಲ್ಲಿರುವುದು ಹರಿದು ಚಿಂದಿಯಾದ ಹಳೆಯ ನೋಟುಗಳು. ನೋಟು ಸಾಲದೆ 2024ರಲ್ಲಿ ಅವರು 100 ರಿಯಾಲ್‌ನ ನಾಣ್ಯವನ್ನೂ ತಂದರು. ಯುದ್ಧಕ್ಕೆ ಮುಂಚೆ ಒಂದು ಡಾಲರ್‌ಗೆ 215 ರಿಯಾಲ್ ಇತ್ತು. ಈಗ ಸನಾದಲ್ಲಿ 530ರ ಆಸುಪಾಸು. ಏಡನ್‌ನಲ್ಲಿ 2025ರ ಜುಲೈ ಹೊತ್ತಿಗೆ 2,800 ದಾಟಿ, ನಂತರ 1,600ರ ಆಸುಪಾಸಿಗೆ ಇಳಿಯಿತು.

ಇದರ ಅರ್ಥವೇನು? ಏಡನ್‌ನ ಮೇಷ್ಟರೊಬ್ಬರಿಗೆ ತಿಂಗಳಿಗೆ 60,000 ರಿಯಾಲ್ ಸಂಬಳ ಅಂದುಕೊಳ್ಳಿ. ಯುದ್ಧದ ಮುಂಚೆ ಅದು 280 ಡಾಲರ್‌ಗೆ ಸಮ. 1,600ರ ದರದಲ್ಲಿ 40 ಡಾಲರ್ ಕೂಡ ಅಲ್ಲ. ಸನಾ ಕಡೆಯ ಸರ್ಕಾರಿ ನೌಕರರ ಸ್ಥಿತಿ ಇನ್ನೂ ಕಷ್ಟ. ಬ್ಯಾಂಕ್ ಎರಡಾದ 2016ರಿಂದ ಅಲ್ಲಿ ಶಿಕ್ಷಕರು, ಆಸ್ಪತ್ರೆ ಸಿಬ್ಬಂದಿಗೆ ಪೂರ್ತಿ ಸಂಬಳ ಸರಿಯಾಗಿ ಸಿಕ್ಕಿಲ್ಲ. ಎಷ್ಟೋ ಮನೆಗಳು ನಡೆಯುತ್ತಿರುವುದು ಸೌದಿಯಲ್ಲಿ ದುಡಿಯುವ ಮಗನೋ ಅಣ್ಣನೋ ಕಳಿಸುವ ಹಣದಿಂದ.

ಊಟದ ವಿಷಯಕ್ಕೆ ಬಂದರೆ, ಯೆಮನ್‌ನ ಜನ ತಿನ್ನುವ ಗೋಧಿಯಲ್ಲಿ ಸುಮಾರು 90 ಭಾಗ ಹೊರಗಿನದು. ಅದು ಡಾಲರ್‌ನಲ್ಲಿ ಕೊಂಡು, ಹಡಗಿನಲ್ಲಿ ಬರಬೇಕು. ಡಾಲರ್ ದುಬಾರಿಯಾದರೆ ರೊಟ್ಟಿ ದುಬಾರಿ. ಬಂದರಿನ ಮೇಲೆ ಬಾಂಬ್ ಬಿದ್ದರೆ ರೊಟ್ಟಿಯೇ ಇಲ್ಲ. ಅಂಗಡಿಯಲ್ಲಿ ಸಾಮಾನು ಜೋಡಿಸಿಟ್ಟಿರುವ ವಿಡಿಯೊ ತೋರಿಸಿ ‘ನೋಡಿ, ಹಸಿವು ಎಲ್ಲಿದೆ?’ ಎಂದು ಕೇಳುವ ಫಾರ್ವರ್ಡ್‌ಗಳಿವೆ. ಸಾಮಾನು ಇರುವುದು ನಿಜ. ಕೊಳ್ಳಲು ಕೈಯಲ್ಲಿ ಕಾಸಿಲ್ಲದಿರುವುದೇ ಅಲ್ಲಿನ ಹಸಿವು. 2025ರ ವಿಶ್ವಸಂಸ್ಥೆಯ ಅಂದಾಜಿನಂತೆ 1.95 ಕೋಟಿ ಜನರಿಗೆ, ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ, ಹೊರಗಿನ ನೆರವು ಬೇಕು. ಆ ನೆರವೂ ಕಡಿಮೆಯಾಗುತ್ತಿದೆ. ವಿಶ್ವ ಆಹಾರ ಕಾರ್ಯಕ್ರಮ 2023ರ ಕೊನೆಯಲ್ಲಿ ಹೌತಿ ಪ್ರದೇಶದಲ್ಲಿ ಸಾಮಾನ್ಯ ಪಡಿತರ ವಿತರಣೆಯನ್ನು ತಡೆಹಿಡಿಯಬೇಕಾಯಿತು.

ನೀರು ಯುದ್ಧಕ್ಕೂ ಹಳೆಯ ಸಮಸ್ಯೆ. ಸನಾ ಸುತ್ತಲಿನ ಅಂತರ್ಜಲ ದಶಕಗಳಿಂದ ಕುಸಿಯುತ್ತಿದೆ. ಕೃಷಿಗೆ ಹೋಗುವ ನೀರಿನಲ್ಲಿ ದೊಡ್ಡ ಪಾಲನ್ನು ಖಾತ್ ಎಂಬ ಗಿಡ ಕುಡಿಯುತ್ತದೆ. ಮಧ್ಯಾಹ್ನವಾದರೆ ಗಂಡಸರು ಕೆನ್ನೆಯೊಳಗೆ ಒತ್ತಿಟ್ಟು ಅಗಿಯುವ ಉತ್ತೇಜಕ ಎಲೆ ಇದು. ಖಾತ್ ನುಂಗಿದ ಜಮೀನುಗಳಲ್ಲಿ ಕಾಫಿ ತೋಟಗಳೂ ಸೇರಿವೆ. ಬಾಬಾ ಬುಡನ್ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂಬ ಐತಿಹ್ಯ ನಮಗೆಲ್ಲ ಗೊತ್ತು. ಆ ಬೀಜ ಬಂದದ್ದೆನ್ನುವ ಮೋಖಾ ಬಂದರು ಇರುವುದು ಇದೇ ಯೆಮನ್‌ನಲ್ಲಿ.

ಕರೆಂಟ್ ಮಟ್ಟಿಗೆ ಏಡನ್ ಜನರ ಪಾಡು ಹೇಳತೀರದು. ಕರಾವಳಿಯ ಧಗೆ, ಬೇಸಿಗೆಯಲ್ಲಿ 40 ಡಿಗ್ರಿ ಹತ್ತಿರ, ಅದರಲ್ಲಿ 2025ರಲ್ಲಿ ದಿನಕ್ಕೆ 15–20 ಗಂಟೆ ವಿದ್ಯುತ್ ಇರಲಿಲ್ಲ. 2025ರ ಮೇ ತಿಂಗಳಲ್ಲಿ ಇದನ್ನು ಪ್ರಶ್ನಿಸಿ ಅಲ್ಲಿನ ಹೆಂಗಸರೇ ಬೀದಿಗಿಳಿದರು. ಸನಾದ ಮನೆಗಳ ಮೇಲೆ ಸೋಲಾರ್ ಫಲಕಗಳು ತುಂಬಿರುವುದನ್ನು ‘ಪ್ರಗತಿ’ ಎಂದು ತೋರಿಸುವವರೂ ಇದ್ದಾರೆ. ಸರ್ಕಾರಿ ಕರೆಂಟ್ ನಿಂತದ್ದರಿಂದ ಜನ ತಮ್ಮ ಕಾಸು ಹಾಕಿ ಕಂಡುಕೊಂಡ ದಾರಿ ಅದು.

ಆರೋಗ್ಯ ವ್ಯವಸ್ಥೆಯಲ್ಲಿ ಅರ್ಧದಷ್ಟು ಆಸ್ಪತ್ರೆ, ಕ್ಲಿನಿಕ್‌ಗಳು ಮಾತ್ರ ಪೂರ್ತಿ ಕೆಲಸ ಮಾಡುತ್ತಿವೆ. 2017ರಲ್ಲಿ ಹಬ್ಬಿದ ಕಾಲರಾದಲ್ಲಿ ಶಂಕಿತ ಪ್ರಕರಣಗಳು ಹತ್ತು ಲಕ್ಷ ದಾಟಿದ್ದವು. 2024ರಲ್ಲೂ 2.5 ಲಕ್ಷದ ಹತ್ತಿರ ಇದ್ದವು. ಉಪ್ಪು ಸಕ್ಕರೆ ಬೆರೆಸಿದ ಶುದ್ಧ ನೀರು, ಸಮಯಕ್ಕೆ ಒಂದು ಡ್ರಿಪ್ ಸಿಕ್ಕರೆ ಕಾಲರಾದಿಂದ ಬಹುತೇಕರು ಬದುಕುತ್ತಾರೆ. ಅಷ್ಟೂ ಸಿಗದೆ ಜನ ಸಾಯುತ್ತಾರೆ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಲೆಕ್ಕದಲ್ಲಿ 2021ರ ಕೊನೆಗೆ ಯುದ್ಧದಿಂದ ಸತ್ತವರು ಸುಮಾರು 3.77 ಲಕ್ಷ. ಅದರಲ್ಲಿ 60 ಭಾಗ ಬಾಂಬಿನಿಂದಲ್ಲ, ಹಸಿವು, ರೋಗ, ಚಿಕಿತ್ಸೆ ಇಲ್ಲದಿರುವುದರಿಂದ. ಬಾಂಬ್ ಸದ್ದು ನಿಂತ ಮೇಲೂ ದೇಶ ಯಾಕೆ ಸುರಕ್ಷಿತವಲ್ಲ ಎನ್ನುವುದಕ್ಕೆ ಈ ಅಂಕಿಯೇ ಸಾಕು.

ಊರಿಂದ ಊರಿಗೆ ಹೋಗುವುದು

ತಾಯಿಜ್ ನಗರದ ಉದಾಹರಣೆ ನೋಡಿ. ಊರಿನ ಒಳಭಾಗ ಸರ್ಕಾರದ ಕೈಯಲ್ಲಿ, ಪೂರ್ವದ ಹೊರಭಾಗ ಹೌತಿಗಳ ಕೈಯಲ್ಲಿ. ಮುಖ್ಯರಸ್ತೆ ಮುಚ್ಚಿದ್ದರಿಂದ ಕಾಲು ಗಂಟೆಯ ದಾರಿಗೆ ಬೆಟ್ಟ ಸುತ್ತಿಕೊಂಡು ಐದಾರು ಗಂಟೆ ಹಿಡಿಯುತ್ತಿತ್ತು. ಡಯಾಲಿಸಿಸ್ ರೋಗಿಯಾಗಲಿ, ಹೆರಿಗೆ ನೋವಿನ ಹೆಂಗಸಾಗಲಿ, ಅದೇ ದಾರಿ. ಒಂಬತ್ತು ವರ್ಷಗಳ ನಂತರ, 2024ರ ಜೂನ್‌ನಲ್ಲಿ ಆ ರಸ್ತೆ ತೆರೆಯಿತು.

ರಸ್ತೆ ತೆರೆದರೂ ನೆಲಬಾಂಬ್‌ಗಳು ಉಳಿದಿವೆ. ಸೌದಿ ನೆರವಿನ ‘ಮಸಾಮ್’ ಯೋಜನೆ 2018ರಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ನೆಲಬಾಂಬ್, ಸಿಡಿಯದ ಶೆಲ್‌ಗಳನ್ನು ತೆಗೆದಿದೆ. ಮಳೆಗಾಲದ ಪ್ರವಾಹ ಬಂದಾಗ ಹೂತಿದ್ದ ಬಾಂಬ್‌ಗಳು ಕೊಚ್ಚಿಕೊಂಡು ನಿನ್ನೆ ಇಲ್ಲದ ಜಾಗಕ್ಕೆ ಬರುತ್ತವೆ. ಕುರಿ ಮೇಯಿಸುವ ಹುಡುಗರು ಕಾಲು ಕಳೆದುಕೊಳ್ಳುವುದು ಹೀಗೆ.

ಹೌತಿ ಪ್ರದೇಶದಲ್ಲಿ ಹೆಣ್ಣುಮಕ್ಕಳು ಗಂಡನೋ ತಂದೆಯೋ ಅಣ್ಣನೋ ಜೊತೆಗಿಲ್ಲದೆ ಊರು ದಾಟುವುದನ್ನು ಚೆಕ್‌ಪೋಸ್ಟ್‌ಗಳಲ್ಲಿ ತಡೆಯುತ್ತಾರೆ. ಹೊರಗಿನ ಸಂಸ್ಥೆಗಳಿಗೆ ಕೆಲಸ ಮಾಡುವವರಿಗೆ ಬಂಧನದ ಭಯ. 2024ರ ಜೂನ್‌ನಿಂದ ವಿಶ್ವಸಂಸ್ಥೆಯ ಮತ್ತು ಸೇವಾಸಂಸ್ಥೆಗಳ ಹತ್ತಾರು ಸಿಬ್ಬಂದಿಯನ್ನು ಹೌತಿಗಳು ಹಿಡಿದಿಟ್ಟಿದ್ದಾರೆ. ವಿಶ್ವಸಂಸ್ಥೆಯ ಗುರುತಿನ ಚೀಟಿ ಇದ್ದವರಿಗೇ ಈ ಗತಿ.

ಫೋನ್ ಇದೆಯಲ್ಲ ಎನ್ನಬೇಡಿ. ದೇಶದ ಇಂಟರ್‌ನೆಟ್ ಬಹುಕಾಲ ನಡೆದದ್ದು ಸನಾದ ಹಿಡಿತದಲ್ಲಿರುವ ಒಂದೇ ಜಾಲದ ಮೂಲಕ. 2022ರ ಜನವರಿಯಲ್ಲಿ ಹೊದೈದಾದ ದೂರಸಂಪರ್ಕ ಕಟ್ಟಡದ ಮೇಲೆ ಬಾಂಬ್ ಬಿದ್ದು ದೇಶಕ್ಕೆ ದೇಶವೇ ನಾಲ್ಕು ದಿನ ಇಂಟರ್‌ನೆಟ್ ಇಲ್ಲದೆ ಕೂತಿತು. ಮನೆಯವರಿಗೆ ‘ಬದುಕಿದ್ದೇನೆ’ ಎಂದು ಒಂದು ಮೆಸೇಜ್ ಹಾಕಲೂ ಆಗದ ನಾಲ್ಕು ದಿನ.

ಭಾರತೀಯರಿಗೆ ಏನಾದರೂ ಆದರೆ?

2015ರಲ್ಲಿ ಯುದ್ಧ ಶುರುವಾದಾಗ ಭಾರತ ‘ಆಪರೇಷನ್ ರಾಹತ್’ ನಡೆಸಿತು. ನೌಕಾಪಡೆಯ ಹಡಗುಗಳು ಏಡನ್, ಹೊದೈದಾ ಬಂದರುಗಳಿಂದ ಜನರನ್ನು ಹತ್ತಿಸಿಕೊಂಡು ಎದುರು ದಡದ ಜಿಬೂಟಿಗೆ ತಲುಪಿಸಿದವು. ಬಾಂಬ್ ದಾಳಿಗೆ ಬಿಡುವು ಸಿಗುತ್ತಿದ್ದ ಕೆಲವೇ ಗಂಟೆಗಳಲ್ಲಿ ಏರ್ ಇಂಡಿಯಾ ವಿಮಾನಗಳು ಸನಾದಲ್ಲಿ ಇಳಿದು ಹೊರಟವು. 4,640 ಭಾರತೀಯರು, ಜೊತೆಗೆ 41 ದೇಶಗಳ 960 ಮಂದಿ ಹೊರಬಂದರು. ಸಂಬಳ ಬಾಕಿಯಿದೆ, ಊರಲ್ಲಿ ಸಾಲ ತೀರಿಲ್ಲ ಎಂದು ಅಲ್ಲೇ ಉಳಿದ ನರ್ಸ್‌ಗಳೂ ಇದ್ದರು.

‘ಏನಾದರೂ ಆದರೆ ನಮ್ಮ ಸರ್ಕಾರ ವಿಮಾನ ಕಳಿಸುತ್ತೆ ಬಿಡಿ’ ಎನ್ನುವವರು ನೆನಪಿಸಿಕೊಳ್ಳುವುದು ಇದನ್ನು. ಆದರೆ ಅಂದು ಸನಾದಲ್ಲಿ ನಮ್ಮ ರಾಯಭಾರ ಕಚೇರಿ ಇತ್ತು. ಆ ಕಾರ್ಯಾಚರಣೆಯ ಜೊತೆಗೇ ಅದು ಜಿಬೂಟಿಗೆ ಹೋಯಿತು. ಈಗ ಯೆಮನ್‌ನ ಕೆಲಸ ನಡೆಯುವುದು ಸೌದಿಯ ರಿಯಾದ್‌ನಿಂದ. ಪಾಸ್‌ಪೋರ್ಟ್ ಕಳೆದರೆ, ಪೊಲೀಸರು ಹಿಡಿದರೆ, ಮಾಲೀಕ ಪಾಸ್‌ಪೋರ್ಟ್ ಕಿತ್ತುಕೊಂಡರೆ ಹೋಗಿ ಬಾಗಿಲು ತಟ್ಟಲು ಯೆಮನ್‌ನಲ್ಲಿ ಭಾರತದ ಕಚೇರಿಯಿಲ್ಲ.

ಬೆಂಗಳೂರು ಪ್ರಾಂತಕ್ಕೆ ಸೇರಿದ ಸಲೇಶಿಯನ್ ಪಾದ್ರಿ ಟಾಮ್ ಉಳುನ್ನಾಲಿಲ್ ಅವರನ್ನು 2016ರ ಮಾರ್ಚ್ 4ರಂದು ಏಡನ್‌ನ ವೃದ್ಧಾಶ್ರಮವೊಂದರಿಂದ ಬಂದೂಕುಧಾರಿಗಳು ಹೊತ್ತೊಯ್ದರು. ಅಂದು ನಾಲ್ವರು ಸನ್ಯಾಸಿನಿಯರು ಸೇರಿ 16 ಜನ ಕೊಲೆಯಾದರು. ಪಾದ್ರಿ ಬಿಡುಗಡೆಯಾದದ್ದು ಹದಿನೆಂಟು ತಿಂಗಳ ನಂತರ, 2017ರ ಸೆಪ್ಟೆಂಬರ್ 12ರಂದು, ಒಮಾನ್ ನೆರವಿನಿಂದ. ಅದೇ ತಿಂಗಳ 26ರಂದು ವಿದೇಶಾಂಗ ಸಚಿವಾಲಯ ಯೆಮನ್ ಪ್ರಯಾಣ ನಿಷೇಧದ ಅಧಿಸೂಚನೆ ಹೊರಡಿಸಿತು. ಅದನ್ನು ಮೀರಿ ಹೋದರೆ ಪಾಸ್‌ಪೋರ್ಟ್ ಮುಟ್ಟುಗೋಲಾಗಬಹುದು.

ಈ ನಿಷೇಧ ಎಷ್ಟು ಗಟ್ಟಿ ಎನ್ನುವುದನ್ನು ನಿಮಿಷಾ ಪ್ರಿಯಾ ಪ್ರಕರಣ ತೋರಿಸುತ್ತದೆ. ಕೇರಳದ ಈ ನರ್ಸ್ 2008ರಲ್ಲಿ ಯೆಮನ್‌ಗೆ ಹೋದವರು. 2017ರಲ್ಲಿ ನಡೆದ ಕೊಲೆಯೊಂದರಲ್ಲಿ ಅಪರಾಧಿ ಎಂದು ಸನಾದ ನ್ಯಾಯಾಲಯ 2020ರಲ್ಲಿ ಮರಣದಂಡನೆ ವಿಧಿಸಿತು. ಮಗಳನ್ನು ನೋಡಲು, ಮೃತರ ಕುಟುಂಬದವರ ಜೊತೆ ಪರಿಹಾರದ ಮಾತಾಡಲು ತಾಯಿ ಯೆಮನ್‌ಗೆ ಹೋಗಬೇಕಿತ್ತು. ಅದಕ್ಕೂ ನಿಷೇಧ ಅಡ್ಡಬಂದು ಅವರು ದೆಹಲಿ ಹೈಕೋರ್ಟ್‌ಗೆ ಹೋಗಬೇಕಾಯಿತು. 2023ರ ಡಿಸೆಂಬರ್‌ನಲ್ಲಿ ಅನುಮತಿ ಸಿಕ್ಕಿತು, 2024ರ ಏಪ್ರಿಲ್‌ನಲ್ಲಿ ಅವರು ಹೊರಟರು. 2025ರ ಜುಲೈ 16ಕ್ಕೆ ನಿಗದಿಯಾಗಿದ್ದ ಗಲ್ಲು ಕೊನೆ ಗಳಿಗೆಯಲ್ಲಿ ಮುಂದಕ್ಕೆ ಹೋಯಿತು. ಸನಾದ ಆಡಳಿತದ ಜೊತೆ ಭಾರತಕ್ಕೆ ರಾಜತಾಂತ್ರಿಕ ಸಂಬಂಧವಿಲ್ಲ. ತಾನು ಮಾಡಬಹುದಾದ್ದಕ್ಕೆ ಮಿತಿಯಿದೆ ಎಂದು ಕೇಂದ್ರ ಸರ್ಕಾರವೇ ಸುಪ್ರೀಂ ಕೋರ್ಟ್‌ಗೆ ಹೇಳಿತು.

ಆ ದಿನಗಳಲ್ಲಿ ‘ಶಿಕ್ಷೆ ರದ್ದಾಯಿತು’ ಎಂಬ ಫಾರ್ವರ್ಡ್ ದೇಶಪೂರ್ತಿ ಹರಿದಾಡಿತು. ಅದು ಸರಿಯಲ್ಲ ಎಂದು ವಿದೇಶಾಂಗ ಸಚಿವಾಲಯದ ಮೂಲಗಳು ಹೇಳಬೇಕಾಯಿತು. ಮುಂದಿನ ತಿಂಗಳು, ಆಕೆಯನ್ನು ಉಳಿಸಲು ಸರ್ಕಾರವೇ ತೆರೆದಿರುವ ಬ್ಯಾಂಕ್ ಖಾತೆಗೆ ಹಣ ಹಾಕಿ ಎಂಬ ಪೋಸ್ಟ್ ಬಂತು. ಅದು ನಕಲಿ ಎಂದು ಸಚಿವಾಲಯ ಸ್ಪಷ್ಟಪಡಿಸಿತು. ಜೀವ ಪಣಕ್ಕಿರುವ ವಿಷಯದಲ್ಲೂ ಖುಷಿಯ ಸುದ್ದಿ ಎಂದು ಒತ್ತಿದ ಒಂದು ಫಾರ್ವರ್ಡ್ ಎಷ್ಟು ಬೇಗ ಹರಡುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಕೆಲಸದ ಜಾಹೀರಾತು ಬಂದರೆ

ಯಾರೂ ಶೋಕಿಗೆ ಯೆಮನ್‌ಗೆ ಕೆಲಸಕ್ಕೆ ಹೋಗುವುದಿಲ್ಲ. ಓದಿಗೆ ಮಾಡಿದ ಸಾಲ, ತಂಗಿಯ ಮದುವೆ, ಅರ್ಧಕ್ಕೆ ನಿಂತ ಮನೆ ಹೀಗೆ ಕಾರಣಗಳಿರುತ್ತವೆ. ಏಜೆಂಟರಿಗೂ ಅದು ಗೊತ್ತು. ಇಂಥವರ ಸಾಮಾನ್ಯ ದಾರಿಯೆಂದರೆ ವಿಸಿಟ್ ವೀಸಾದಲ್ಲಿ ಗಲ್ಫ್‌ನ ಬೇರೆ ದೇಶಕ್ಕೆ ಕರೆದೊಯ್ದು, ಅಲ್ಲಿಂದ ಮುಂದಕ್ಕೆ ಸಾಗಿಸುವುದು. ಹಾಗೆ ಹೋದವರು ನಮ್ಮ ಸರ್ಕಾರದ ದಾಖಲೆಯಲ್ಲಿ ಕೆಲಸಗಾರರೇ ಅಲ್ಲ, ಪ್ರವಾಸಿಗರು.

ವಿದೇಶದ ಕೆಲಸ ಯಾವುದೇ ಇರಲಿ, ಏಜೆಂಟರ ಹೆಸರು ಇ-ಮೈಗ್ರೇಟ್ ಜಾಲತಾಣದ ನೋಂದಾಯಿತ ಪಟ್ಟಿಯಲ್ಲಿ ಇದೆಯೇ ನೋಡಿ. ನೋಂದಾಯಿತ ಏಜೆಂಟ್ ಸೇವಾಶುಲ್ಕವಾಗಿ ಜಿಎಸ್‌ಟಿ ಬಿಟ್ಟು 30,000 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲ. ಯೆಮನ್, ಇರಾಕ್, ಲಿಬಿಯಾ, ಸಿರಿಯಾ, ಸುಡಾನ್ ಸೇರಿ 18 ದೇಶಗಳಿಗೆ ಈಸಿಆರ್ ಪಾಸ್‌ಪೋರ್ಟ್‌ನವರು ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕು. ನರ್ಸ್‌ಗಳಿಗೆ ಪಾಸ್‌ಪೋರ್ಟ್ ಯಾವುದೇ ಇದ್ದರೂ ಇದು ಅನ್ವಯ. ಈಗಾಗಲೇ ಹೊರಗೆ ಸಿಕ್ಕಿಕೊಂಡವರ ಮನೆಯವರು ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸಬಹುದು. ‘ಯೆಮನ್‌ಗೆ ಕಾನೂನುಬದ್ಧವಾಗಿ ಕಳಿಸುತ್ತೇವೆ’ ಎಂದು ಯಾರಾದರೂ ಹೇಳಿದರೆ, ಮೇಲೆ ಹೇಳಿದ ನಿಷೇಧ ನೆನಪಿರಲಿ.

ಫಾರ್ವರ್ಡ್ ಮಾಡುವ ಮುಂಚೆ

ಯೆಮನ್ ಇರಲಿ, ಸುಡಾನ್, ಲಿಬಿಯಾ, ಸಿರಿಯಾ ಇರಲಿ, ‘ಅಲ್ಲೀಗ ಸೇಫ್’ ಎಂಬ ವಿಡಿಯೊ ಬಂದಾಗ ಈ ಐದು ಪ್ರಶ್ನೆ ಕೇಳಿ:

- ಇದು ಯಾವ ಊರಿನದು, ಯಾವ ತಿಂಗಳಿನದು? ಎರಡೂ ಗೊತ್ತಿಲ್ಲದಿದ್ದರೆ ವಿಡಿಯೊದಿಂದ ಏನೂ ತಿಳಿಯುವುದಿಲ್ಲ.
- ಆ ಊರು ಯಾರ ಹಿಡಿತದಲ್ಲಿದೆ? ಅವರ ಜೊತೆ ಭಾರತಕ್ಕೆ ಮಾತುಕತೆ ಇದೆಯೇ?
- ವಿಮಾನ ನಿಂತರೆ ಹೊರಬರಲು ಎರಡನೆಯ ದಾರಿ ಯಾವುದು?
- ಕಾಯಿಲೆ ಬಿದ್ದರೆ ಆಸ್ಪತ್ರೆ, ದುಡ್ಡು ಮುಗಿದರೆ ಬ್ಯಾಂಕ್, ಪಾಸ್‌ಪೋರ್ಟ್ ಹೋದರೆ ರಾಯಭಾರ ಕಚೇರಿ ಆ ದೇಶದಲ್ಲಿ ಇವೆಯೇ?
- ಭಾರತದ ವಿದೇಶಾಂಗ ಸಚಿವಾಲಯ ಈ ದೇಶದ ಬಗ್ಗೆ ಇತ್ತೀಚೆಗೆ ಏನು ಹೇಳಿದೆ?

ಯೆಮನ್ ವಿಷಯದಲ್ಲಿ ಈ ಪ್ರಶ್ನೆಗಳಿಗೆ ಸಿಗುವ ಉತ್ತರಗಳನ್ನು ಮೇಲೆ ನೋಡಿದ್ದೀರಿ. ಹಾಗೆಂದು ‘ಭೂಮಿಯ ಮೇಲಿನ ನರಕ’ ಎಂಬ ಫಾರ್ವರ್ಡ್ ಒತ್ತುವುದೂ ಬೇಡ. ಸಂಬಳವಿಲ್ಲದೆಯೂ ಪಾಠ ಮಾಡಲು ಬರುವ ಮೇಷ್ಟರು, ಸೋಲಾರ್ ದೀಪದಲ್ಲಿ ಹೆರಿಗೆ ಮಾಡಿಸುವ ದಾದಿಯರು ಇರುವ ದೇಶ ಅದು. ಅವರಿಗೆ ಬೇಕಿರುವುದು ಸಂಬಳ, ಔಷಧಿ, ತೆರೆದ ರಸ್ತೆ.

ನಿಮ್ಮ ಗುಂಪಿನಲ್ಲಿ ನರ್ಸಿಂಗ್ ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗಿಯೋ, ಡ್ರೈವಿಂಗ್ ಲೈಸೆನ್ಸ್ ಹಿಡಿದು ಗಲ್ಫ್ ಕನಸು ಕಾಣುತ್ತಿರುವ ಹುಡುಗನೋ ಇದ್ದೇ ಇರುತ್ತಾರೆ. ನೀವು ನೋಡಿ ಮರೆತುಬಿಡುವ ರೀಲ್ ಅವರಿಗೆ ಧೈರ್ಯ ಕೊಟ್ಟುಬಿಡಬಹುದು. ಅವರಿಗೆ ಏನಾದರೂ ಕಳಿಸುವುದಿದ್ದರೆ ಇ-ಮೈಗ್ರೇಟ್ ಪಟ್ಟಿ ನೋಡುವುದು ಹೇಗೆಂದು ಕಳಿಸಿ.